ಕಾರವಾರ ಪೇಟೆಯೋ, ಸದಾಶಿವಗಡವೋ? ತಿಂಗಳ ಖರ್ಚಿನ ಲೆಕ್ಕ ಹೇಳಿ

ಕೇಳಿದವರು: ಹಾವೇರಿ ಕಡೆಯಿಂದ ಕಾರವಾರದ ಹೈಸ್ಕೂಲಿಗೆ ವರ್ಗವಾಗಿದೆ. ನಾವಿಬ್ಬರು, ಮಗಳು, ಅತ್ತೆ. ಪೇಟೆಯಲ್ಲಿ ಎರಡು ಕೋಣೆಯ ಮನೆಗೆ 12,000 ಹೇಳುತ್ತಾರೆ. ಕಾಳಿ ಸೇತುವೆ ದಾಟಿದರೆ ಸದಾಶಿವಗಡದಲ್ಲಿ 8,000. ಶಿರವಾಡ, ಬಿಣಗಾ ಕಡೆಯೂ ನೋಡಬಹುದೇ? ನಿಜಕ್ಕೂ ಎಷ್ಟು ಉಳಿದೀತು?

ಸದಾಶಿವಗಡದಿಂದ: ಅಕ್ಕೋರೇ, ನಾಲ್ಕು ಸಾವಿರ ಪೂರ್ತಿ ಉಳಿಯುವುದಿಲ್ಲ. ಸ್ಕೂಟರಿನಲ್ಲಿ ದಿನಕ್ಕೆ 12 ಕಿ.ಮೀ. ಹಿಡಿಯಿರಿ, 25 ದಿನಕ್ಕೆ 300 ಕಿ.ಮೀ. ಲೀಟರಿಗೆ 45 ಕೊಟ್ಟರೆ ಏಳು ಲೀಟರಿನ ಹತ್ತಿರ, ಅಂದರೆ 700 ರೂಪಾಯಿ ಚಿಲ್ಲರೆ. ಸರ್ವಿಸ್, ಟಯರು ಸೇರಿ ಸಾವಿರ. ನೀವು ಬಸ್ಸಿಗೆ ಹೋದರೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಉಚಿತ, ಯಜಮಾನರಿಗೆ ಪಾಸು. ಮಗಳ ಶಾಲೆ ಪೇಟೆಯಲ್ಲೇ ಆದರೆ ವ್ಯಾನಿನವರನ್ನು ಮೊದಲೇ ಕೇಳಿ, ಲೆಕ್ಕ ಕೆಡುವುದು ಅಲ್ಲೇ. ಇನ್ನೊಂದು, ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿಯಿತು. ಆಮೇಲೆ ಎರಡೂ ದಿಕ್ಕಿನ ವಾಹನ ಹೊಸ ಸೇತುವೆಯ ಮೇಲೇ ಬಂದವು. ಮೊದಲ ಬೆಲ್ಲಿಗೆ ಮುಟ್ಟಬೇಕಾದವರು ಹದಿನೈದು ನಿಮಿಷ ಮುಂಚೆ ಹೊರಡಿ.

ಕೋಡಿಬಾಗದಿಂದ: ಸ್ಕೂಟರ್ ಬಿಡಿ, ನೀರು ಕೇಳಿದಿರಾ? ನದಿ ಬದಿಯ ಬಾವಿಗಳು ಜೂನ್‌ನಿಂದ ಜನವರಿವರೆಗೆ ಸಿಹಿ. ಏಪ್ರಿಲ್, ಮೇ ಬಂತೆಂದರೆ ಒಳಹರಿವು ಇಳಿದು, ಭರತದ (ಕಡಲುಬ್ಬರದ) ಉಪ್ಪುನೀರು ಒಸರಿ ಸವಳಾಗುತ್ತವೆ. ಮಳೆಗಾಲದಲ್ಲಿ ಮನೆ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಸೋಪು ನೊರೆ ಬರುತ್ತದೆಯೇ ನೋಡಿ, ತೊಗರಿಬೇಳೆ ಮೆತ್ತಗೆ ಬೇಯುತ್ತದೆಯೇ ಎಂದು ಪಕ್ಕದ ಮನೆಯವರನ್ನು ಕೇಳಿ (ಮಾಲಕರನ್ನಲ್ಲ). ಸವಳು ನೀರಿಗೆ ಯುವಿ ಫಿಲ್ಟರ್ ಹಾಕಿದರೆ ದುಡ್ಡು ದಂಡ. ಅದು ಕ್ರಿಮಿ ಕೊಲ್ಲುತ್ತದೆ, ಉಪ್ಪು ತೆಗೆಯುವುದಿಲ್ಲ. ಆರ್‌ಒ ಬೇಕು. ಅದು ಒಂದು ಲೀಟರ್ ಕೊಟ್ಟು ಎರಡು ಮೂರು ಲೀಟರ್ ಹೊರಗೆ ಬಿಡುತ್ತದೆ, ಆ ನೀರನ್ನು ಪಾಯಿಖಾನೆಗೆ ಹಿಡಿದಿಡಿ. ನಗರಸಭೆಯದೋ ಪಂಚಾಯತಿಯದೋ ನಳ ಇದ್ದರೆ ಬಾಡಿಗೆ 500 ಜಾಸ್ತಿಯಾದರೂ ಆ ಮನೆಯೇ ಲಾಭ.

ವಯರಿಂಗ್ ಕೆಲಸದವರು: ಮನೆಗೆ ಬೇರೆ ಆರ್.ಆರ್. ನಂಬರ್ (ಕರೆಂಟ್ ಬಿಲ್ಲಿನ ಸಂಪರ್ಕ ಸಂಖ್ಯೆ) ಇದೆಯೇ ನೋಡಿ. ಮೇಲೆ ಮಾಲಕರು, ಕೆಳಗೆ ನೀವು, ಮೀಟರ್ ಒಂದೇ ಆದರೆ ಗೃಹಜ್ಯೋತಿ ಕೈಗೆ ಬರುವುದಿಲ್ಲ. 200 ಯುನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ದಾಟಿದ ಹತ್ತು ಯುನಿಟ್ಟಿಗೆ ಮಾತ್ರ ಎಂದು ತಿಳಿದವರು ಬಹಳ. 200ರ ಒಳಗಿದ್ದೂ ನಿಮಗೆ ನಿಗದಿಯಾದ ಮಿತಿ ಮೀರಿದರೆ ಮೀರಿದಷ್ಟಕ್ಕೆ ಕಟ್ಟಿದರೆ ಸಾಕು. ಆ ನಂಬರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಜೋಡಿಸಿದ್ದರೆ ಅದನ್ನು ಬಿಡಿಸಿದ ಮೇಲೇ ನಿಮ್ಮದು ಸೇರುವುದು, ಕೀ ತೆಗೆದುಕೊಳ್ಳುವ ಮೊದಲು ಮಾಡಿಸಿ. ಒಂದೂವರೆ ಟನ್ ಎಸಿ ತಾಸಿಗೆ ಸುಮಾರು 1.3 ಯುನಿಟ್ ಎಳೆಯುತ್ತದೆ. ರಾತ್ರಿ ಐದು ತಾಸು ಹಾಕಿದರೆ ತಿಂಗಳಿಗೆ 195, ಅಂದರೆ 200ರ ಮಿತಿ ಅದೊಂದಕ್ಕೇ ಮುಗಿಯಿತು. ಎರಡು ಸಾವಿರ ವ್ಯಾಟಿನ ಗೀಸರ್ ದಿನಾ ಅರ್ಧ ತಾಸು ಎಂದರೆ 30 ಯುನಿಟ್. ಹಳೆಯ 75 ವ್ಯಾಟಿನ ಮೂರು ಫ್ಯಾನು ದಿನಕ್ಕೆ 12 ತಾಸು ತಿರುಗಿದರೆ 81, ಕಡಿಮೆ ಕರೆಂಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ 32. ನಮ್ಮ ಸೆಖೆಗೆ ಫ್ಯಾನು ನಿಲ್ಲುವುದಿಲ್ಲ, ಹಾಗಾಗಿ ಮೊದಲು ಅದನ್ನೇ ಬದಲಿಸಿ. ಎಸಿ ಕೊಳ್ಳುವುದೇ ಆದರೆ ತಾಮ್ರದ ಕಾಯಿಲ್ ಇರುವುದನ್ನು ಕೊಳ್ಳಿ, ಹೊರಗಿನ ಯುನಿಟ್ಟನ್ನು ಪಡುವಣ ಗೋಡೆಗೆ ಕೂರಿಸಬೇಡಿ, ಉಪ್ಪುಗಾಳಿ ತಿಂದುಹಾಕುತ್ತದೆ.

ಮಾಜಾಳಿಯಿಂದ: ಸದಾಶಿವಗಡದಲ್ಲಿದ್ದರೆ ಗೋವಾ ಪೆಟ್ರೋಲ್ ಹತ್ತಿರ, ಅದನ್ನೂ ಉಳಿತಾಯಕ್ಕೆ ಸೇರಿಸಿ.

ಸದಾಶಿವಗಡದಿಂದ: ಸೇರಿಸುವುದು ಬೇಡ ಮಾರಾಯರೆ. ಲೀಟರಿಗೆ ಆರು ರೂಪಾಯಿ ಅಗ್ಗವೆಂದೇ ಇಟ್ಟುಕೊಳ್ಳಿ. ಸ್ಕೂಟರಿಗೆ ನಾಲ್ಕು ಲೀಟರ್ ಹಾಕಿಸಿದರೆ ಉಳಿಯುವುದು 24. ಗಡಿ ಆಚೆಯ ಪೋಳೆಗೆ ಹೋಗಿಬರಲು ಹದಿನೆಂಟಿಪ್ಪತ್ತು ಕಿ.ಮೀ., ಸುಡುವುದು 40ರ ಮೇಲೆ. ಬೇರೆ ಕೆಲಸಕ್ಕೆ ಗೋವಾದ ಕಾಣಕೋಣಕ್ಕೆ ಹೋದವರಿಗೆ ಮಾತ್ರ ಲಾಭ. ಶಕ್ತಿ ಟಿಕೆಟ್ ಗಡಿ ಆಚೆ ನಡೆಯುವುದಿಲ್ಲ, ಅದೂ ಗೊತ್ತಿರಲಿ.

ಸಂತೆ ವಿಚಾರಕ್ಕೆ, ಬಾಡದಿಂದ: ಹಾವೇರಿಯವರಿಗೆ ಇಲ್ಲಿಯ ತರಕಾರಿ ದರ ಕೇಳಿದರೆ ಮೈ ಉರಿಯುತ್ತದೆ. ಬಹುಪಾಲು ಘಟ್ಟ ಇಳಿದೇ ಬರಬೇಕು. ವಾರದ್ದು ಭಾನುವಾರದ ಸಂತೆಯಲ್ಲಿ ತೆಗೆದುಕೊಳ್ಳಿ, ಸಂಜೆ ಅಂಗಡಿ ಎತ್ತುವ ಹೊತ್ತಿಗೆ ಸೊಪ್ಪು ಅಗ್ಗ. ಅಂಕೋಲಾ ಕಡೆಯ ಹಾಲಕ್ಕಿ ಹೆಂಗಸರು ತರುವ ಬಸಳೆ, ಹರಿವೆ ಬಿಟ್ಟು ಘಟ್ಟದ ಕೋಸಿಗೆ ಹೋಗುವುದು ದಡ್ಡತನ. ಬೇಸಿಗೆಯಲ್ಲೇ ಗಾಯವಿಲ್ಲದ, ಬಲಿತ ಮೊಗೆಕಾಯಿ (ಮಂಗಳೂರು ಸೌತೆ) ಹತ್ತು ಹದಿನೈದು ತಂದು, ಒಂದಕ್ಕೊಂದು ತಾಗದ ಹಾಗೆ ಜಂತಿಗೆ ಕಟ್ಟಿ ತೂಗುಹಾಕಿದರೆ ಮಳೆಗಾಲ ಸಾಗುತ್ತದೆ. ಮೀನು ತಿನ್ನುವವರಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಹಸಿ ಮೀನು ಕೈಗೆಟುಕುವುದಿಲ್ಲ. ಒಣ ಬಂಗಡೆ, ಒಣ ಸಿಗಡಿ ಮೇ ಮೊದಲ ವಾರವೇ ಕೊಳ್ಳಿ. ತಂದದ್ದನ್ನು ಮತ್ತೆರಡು ದಿನ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಿ, ಇಲ್ಲದಿದ್ದರೆ ಆಷಾಢಕ್ಕೆ ಬೂಸ್ಟು.

ಶಿರವಾಡದಿಂದ: ರೈಲ್ವೆ ಸ್ಟೇಶನ್ ಇಲ್ಲೇ, ಕಡಲಗಾಳಿಯೂ ನೇರ ಬಡಿಯುವುದಿಲ್ಲ. ಬಸ್ಸಿನ ವೇಳೆ ನೋಡಿಕೊಂಡು ಬನ್ನಿ. ಬಿಣಗಾ ದೂರ, ಆದ್ದರಿಂದ ಅಗ್ಗ ಎಂದುಕೊಳ್ಳಬೇಡಿ. ನೌಕಾನೆಲೆ ಅರಗಾದಲ್ಲಿರುವುದರಿಂದ ಆ ಬದಿಗೆ ಮನೆ ಕೇಳುವವರು ಬೇರೆಯೇ ಇದ್ದಾರೆ.

ಕೋಡಿಬಾಗದಿಂದ: ಮನೆ ನೋಡುವಾಗ ನೈಋತ್ಯದ ಗೋಡೆ ಒತ್ತಿ ನೋಡಿ, ಕಪಾಟು ತೆರೆದು ಮೂಸಿ. ಹೊಸ ಬಣ್ಣ ಒಂದೇ ಗೋಡೆಗೆ ಹೊಡೆದಿದ್ದರೆ ಅಲ್ಲಿ ನೀರು ಇಳಿಯುತ್ತದೆ. ಹೆಂಚಿನ ಮನೆಯಾದರೆ ಮಂಗ ಸರಿಸಿದ ಹೆಂಚು ಯಾರು ಕೂರಿಸುವುದು ಎಂದು ಮೊದಲೇ ಮಾತಾಡಿ. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿಯುವ ರೂಢಿ ಕೆಲವು ಕಡೆ ಇದೆ. ಗೋಡೆಗಳ ಫೋಟೊ ಒಳಹೋಗುವ ದಿನವೇ ತೆಗೆದು ಮಾಲಕರ ವಾಟ್ಸಾಪಿಗೆ ಕಳಿಸಿಡಿ.

ಕೇಳಿದವರು: ಹಾಗಾದರೆ ಮೇ ತಿಂಗಳಲ್ಲೇ ಬಂದು ನೋಡುತ್ತೇನೆ. ಬಾವಿ ನೀರು ತುಂಬಿಕೊಳ್ಳಲು ಬಾಟ್ಲಿ ಹಿಡಿದೇ ಬರುತ್ತೇನೆ.