ಏಳು ರಿಂಗ್ ದೊಡ್ಡದಾ, 5,084 ಯಾರ್ಡ್ ದೊಡ್ಡದಾ? ಕ್ವಾರ್ಟರ್‌ಬ್ಯಾಕ್‌ನನ್ನು ಅಳೆಯೋದು ಯಾವುದರಿಂದ?

ಬೆಳಗಾವಿ_ಬಾಣೇರ್ (ಪುಣೆ)

ನಮಸ್ಕಾರ. ಇಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡುವವರು ಕೆಲವರಾದರೂ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ.

ನಾನು ಹಿಂಜವಡಿಯಲ್ಲಿ ಅಮೆರಿಕದ ಕ್ಲೈಂಟ್ ಒಬ್ಬರ ಪ್ರಾಜೆಕ್ಟ್‌ನಲ್ಲಿದ್ದೇನೆ. ಅಲ್ಲಿಯ ಲೀಗ್‌ನ ಫೈನಲ್ ಸೂಪರ್ ಬೌಲ್ ನಮಗೆ ಸೋಮವಾರ ಬೆಳಗಿನ ಜಾವ ಐದಕ್ಕೆ ಶುರು. ನೈಟ್ ಶಿಫ್ಟ್‌ನವರು ಮನೆಗೆ ಹೋಗದೆ ಅಲ್ಲೇ ಕೂತು ನೋಡುತ್ತೇವೆ. ಮುಗಿದ ಮೇಲೆ ರಸ್ತೆಯಾಚೆ ಅಮೃತತುಲ್ಯದಲ್ಲಿ ಚಹಾ, ಚಹಾ ಜೊತೆ ವಾದ. ನಮ್ಮ ಟೀಮ್ ಲೀಡ್ ಪ್ರಕಾರ ವಾದಕ್ಕೆ ಜಾಗವೇ ಇಲ್ಲ. ಕ್ವಾರ್ಟರ್‌ಬ್ಯಾಕ್ (ತಂಡದ ಪಾಸ್ ಎಸೆಯುವವನು) ಟಾಮ್ ಬ್ರೇಡಿಗೆ ಏಳು ಸೂಪರ್ ಬೌಲ್ ರಿಂಗ್, ಅಂದರೆ ಗೆದ್ದವರಿಗೆ ಕೊಡುವ ಉಂಗುರ. ಆರು ಪೇಟ್ರಿಯಟ್ಸ್ ಜೊತೆ, ಒಂದು ಟ್ಯಾಂಪಾ ಬೇ ಜೊತೆ. ಬೇರೆ ಯಾವ ಕ್ವಾರ್ಟರ್‌ಬ್ಯಾಕ್‌ಗೂ ಅಷ್ಟು ಸೂಪರ್ ಬೌಲ್ ಇಲ್ಲ, ಮಾತು ಮುಗೀತು ಅನ್ನುತ್ತಾರೆ.

ಬ್ರೇಡಿ ದೊಡ್ಡವನು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ತಕರಾರು ಲೆಕ್ಕ ಹಾಕುವ ರೀತಿಯ ಬಗ್ಗೆ. ಮಯಾಮಿಯ ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರಿನೊನನ್ನು ತಗೊಳ್ಳಿ. 1984ರಲ್ಲಿ, ಲೀಗ್‌ಗೆ ಬಂದ ಎರಡನೇ ವರ್ಷವೇ, ಪಾಸ್ ಎಸೆದು ತಂಡವನ್ನು ಮುಂದೆ ತಂದದ್ದು 5,084 ಯಾರ್ಡ್, ಟಚ್‌ಡೌನ್ (ಚೆಂಡನ್ನು ಎದುರಾಳಿಯ ತುದಿ ಗೆರೆ ದಾಟಿಸುವುದು) 48. ಆ ಯಾರ್ಡ್ ದಾಖಲೆ 2011ರವರೆಗೂ ನಿಂತಿತ್ತು. ಆದರೆ ಆ ಸೀಸನ್ನಿನ ಸೂಪರ್ ಬೌಲ್‌ನಲ್ಲಿ ಜೋ ಮೊಂಟಾನಾನ ಫಾರ್ಟಿನೈನರ್ಸ್ ಎದುರು 38-16ರಲ್ಲಿ ಸೋತರು. ಮರಿನೊ 1999ರವರೆಗೂ ಆಡಿದ, ಮತ್ತೆ ಸೂಪರ್ ಬೌಲ್ ಮುಟ್ಟಲಿಲ್ಲ. ರಿಂಗ್ ಲೆಕ್ಕದಲ್ಲಿ ಅವನದು ಸೊನ್ನೆ. 2000ದ ಸೀಸನ್ನಿನಲ್ಲಿ ಬಾಲ್ಟಿಮೋರ್ ರೇವನ್ಸ್‌ಗೆ ಆಡಿದ ಟ್ರೆಂಟ್ ಡಿಲ್ಫರ್‌ದು ಒಂದು. ಡಿಲ್ಫರ್ ಮರಿನೊಗಿಂತ ದೊಡ್ಡವನು ಅಂತ ಯಾರಾದರೂ ಹೇಳುತ್ತಾರಾ?

ಹಾಗಂತ ಬರೀ ಅಂಕಿ-ಅಂಶ ಸಾಕು ಅನ್ನುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ನೀವೆಲ್ಲ ಹೇಗೆ ಅಳೆಯುತ್ತೀರಿ?

ಮುಲುಂಡ್_ಮಂಜು (ಮುಂಬೈ)

ರಿಂಗ್. ಆಡುವುದು ಗೆಲ್ಲುವುದಕ್ಕೆ, ಯಾರ್ಡ್ ಎಣಿಸುವುದಕ್ಕಲ್ಲ. ಫೆಬ್ರವರಿ 2017, ಬ್ರೇಡಿಯ ತಂಡ ಅಟ್ಲಾಂಟಾ ಎದುರು ಮೂರನೇ ಕ್ವಾರ್ಟರ್‌ನಲ್ಲಿ 28-3 ಹಿಂದೆ. ಅಲ್ಲಿಂದ ಎದ್ದು ಬಂದು ಓವರ್‌ಟೈಮ್‌ನಲ್ಲಿ 34-28 ಗೆದ್ದರು. ಆ ಒತ್ತಡದಲ್ಲಿ ಕೈ ನಡುಗದೆ ಎಸೆಯುವುದೇ ದೊಡ್ಡತನ. ಮೊಂಟಾನಾ ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕೂ ಗೆದ್ದ. ಆ ನಾಲ್ಕರಲ್ಲಿ 11 ಟಚ್‌ಡೌನ್, ಒಂದೂ ಇಂಟರ್‌ಸೆಪ್ಷನ್ (ಎಸೆದ ಪಾಸ್ ಎದುರಾಳಿ ಹಿಡಿಯುವುದು) ಇಲ್ಲ. ಸೀಸನ್ನಿನಲ್ಲಿ ಸೋತ ತಂಡಗಳ ಮೇಲೆ ಯಾರು ಬೇಕಾದರೂ ನಂಬರ್ ಗುಡ್ಡೆ ಹಾಕಬಹುದು. ಫೈನಲ್‌ನಲ್ಲಿ ಎಷ್ಟು ಜನ ಮಾಡುತ್ತಾರೆ?

ಮಾಟುಂಗಾ_ಶಾಲಿನಿ (ಮುಂಬೈ)

ಮಂಜು ಅವರೇ, 28-3 ಪಂದ್ಯ ನನಗೂ ಮರೆಯುವಂಥದ್ದಲ್ಲ. ಆದರೆ ಅದರ ಮುಂದಿನ ಎರಡು ಸೂಪರ್ ಬೌಲ್ ಪಕ್ಕಪಕ್ಕ ಇಟ್ಟು ನೋಡಿ.

ಫೆಬ್ರವರಿ 2018, ಫಿಲಡೆಲ್ಫಿಯಾ ಎದುರು. ಬ್ರೇಡಿ 505 ಯಾರ್ಡ್ ಎಸೆದ, ಅದು ಸೂಪರ್ ಬೌಲ್ ದಾಖಲೆ. ಮೂರು ಟಚ್‌ಡೌನ್, ಇಂಟರ್‌ಸೆಪ್ಷನ್ ಒಂದೂ ಇಲ್ಲ. 41-33 ಸೋತರು. ಫೆಬ್ರವರಿ 2019, ರ್‍ಯಾಮ್ಸ್ ಎದುರು. 262 ಯಾರ್ಡ್, ಟಚ್‌ಡೌನ್ ಪಾಸ್ ಇಲ್ಲವೇ ಇಲ್ಲ, ಒಂದು ಇಂಟರ್‌ಸೆಪ್ಷನ್. 13-3 ಗೆದ್ದರು. ರಿಂಗ್ ಬಂದಿದ್ದು ಎರಡನೆಯದಕ್ಕೆ. ಬ್ರೇಡಿಯ ಬೆರಳು ನೋಡಿದರೆ ಅವನ ಅತ್ಯುತ್ತಮ ಫೈನಲ್‌ಗಳಲ್ಲಿ ಒಂದು ಅಲ್ಲಿ ಕಾಣುವುದೇ ಇಲ್ಲ. ಅಂದರೆ ರಿಂಗ್ ಲೆಕ್ಕ ಬ್ರೇಡಿಗೇ ಸರಿಯಾಗಿ ನ್ಯಾಯ ಮಾಡುವುದಿಲ್ಲ.

ನಾನು ಐರೋಲಿಯಲ್ಲಿ ಇನ್ಶೂರೆನ್ಸ್ ಕ್ಲೇಮ್‌ಗಳ ಡೇಟಾ ನೋಡುವವಳು. ಒಂದು ನಂಬರ್ ಎದುರಿಗೆ ಬಂದರೆ ಅದರೊಳಗೆ ಏನೇನು ಸೇರಿದೆ, ಏನು ಬಿಟ್ಟುಹೋಗಿದೆ ಅಂತ ಬಿಡಿಸಿ ನೋಡುವುದೇ ನನ್ನ ಕೆಲಸ. ರಿಂಗ್ ಅನ್ನುವುದೂ ಒಂದು ನಂಬರೇ. ಅದನ್ನು ಬಿಡಿಸಿದರೆ ಒಳಗೆ ಡಿಫೆನ್ಸ್ ಇದೆ, ಕೋಚ್ ಇದ್ದಾರೆ, ಚೆಂಡು ಒದ್ದು ಕಂಬಗಳ ನಡುವೆ ಹಾಕುವ ಕಿಕ್ಕರ್ ಇದ್ದಾನೆ. ಎದುರಾಳಿ ಕೈಯಲ್ಲಿ ಚೆಂಡು ಇದ್ದಷ್ಟು ಹೊತ್ತು ಕ್ವಾರ್ಟರ್‌ಬ್ಯಾಕ್ ಬೆಂಚಿನ ಮೇಲೆ ಕೂತಿರುತ್ತಾನೆ. ಡಿಲ್ಫರ್ ಇದ್ದ ರೇವನ್ಸ್ ಡಿಫೆನ್ಸ್ ಆ ವರ್ಷ 16 ಪಂದ್ಯಗಳಲ್ಲಿ ಬಿಟ್ಟುಕೊಟ್ಟಿದ್ದು ಬರೀ 165 ಪಾಯಿಂಟ್. ಗೆದ್ದ ಮೇಲೆ ತಂಡ ಡಿಲ್ಫರ್‌ನನ್ನು ಇಟ್ಟುಕೊಳ್ಳಲೂ ಇಲ್ಲ. ರಿಂಗ್ ಯಾರಿಂದ ಬಂತು ಅಂತ ಅವರಿಗೇ ಚೆನ್ನಾಗಿ ಗೊತ್ತಿತ್ತು.

ಇನ್ನೊಂದು ಜೋಡಿ ಹೇಳುತ್ತೇನೆ, ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಜನವರಿ 1991. ಸೂಪರ್ ಬೌಲ್‌ನಲ್ಲಿ ಬಫಲೋ ಜೈಂಟ್ಸ್ ಎದುರು 20-19 ಹಿಂದೆ. ಎರಡು ನಿಮಿಷ ಚಿಲ್ಲರೆ ಬಾಕಿ. ಜಿಮ್ ಕೆಲ್ಲಿ ತಂಡವನ್ನು ತನ್ನ ಕಡೆಯ 10 ಯಾರ್ಡ್ ಗೆರೆಯಿಂದ ಜೈಂಟ್ಸ್‌ನ 29ರ ತನಕ ತಂದ. ಎಂಟು ಸೆಕೆಂಡ್ ಉಳಿದಿದೆ. ಕಿಕ್ಕರ್ ಸ್ಕಾಟ್ ನಾರ್ವುಡ್ 47 ಯಾರ್ಡ್‌ನಿಂದ ಒದ್ದ, ಚೆಂಡು ಕಂಬದ ಬಲಕ್ಕೆ ಹೋಯಿತು. ಸೋಲು. ಈಗ ಫೆಬ್ರವರಿ 2002. ಸ್ಕೋರ್ 17-17, ಬಾಕಿ 1 ನಿಮಿಷ 21 ಸೆಕೆಂಡ್, ಟೈಮ್‌ಔಟ್ ಒಂದೂ ಇಲ್ಲ. ಬ್ರೇಡಿ ತನ್ನ 17ರಿಂದ ರ್‍ಯಾಮ್ಸ್‌ನ 30ರ ತನಕ ತಂದ. ಆಡಮ್ ವಿನಾಟಿಯೇರಿ 48 ಯಾರ್ಡ್‌ನಿಂದ ಒದ್ದ, ನೇರ ಒಳಗೆ. ಗೆಲುವು.

ಕೆಲ್ಲಿಯ ಕಿಕ್ಕರ್‌ಗೆ ಒಂದು ಯಾರ್ಡ್ ಹತ್ತಿರವೇ ಇತ್ತು! ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳೂ ಕೊನೆ ಗಳಿಗೆಯಲ್ಲಿ ಕೈಯಲ್ಲಿದ್ದ ಕೆಲಸ ಮುಗಿಸಿ, ಸೈಡ್‌ಲೈನ್‌ನಲ್ಲಿ ನಿಂತು, ಬೇರೆಯವನ ಕಾಲು ನೋಡುತ್ತಿದ್ದರು. ಒಬ್ಬನಿಗೆ ಅದು ಮೊದಲ ರಿಂಗ್. ಇನ್ನೊಬ್ಬ ಅದರ ಮೇಲೆ ಸತತ ಮೂರು ಸೂಪರ್ ಬೌಲ್ ಸೋತು, ಇವತ್ತಿಗೂ ಸೋತವನು ಅಂತಲೇ ಕರೆಸಿಕೊಳ್ಳುತ್ತಾನೆ. ಇದು ನನಗೆ ಒಪ್ಪಿಗೆಯಿಲ್ಲ.

ಪೇಟನ್ ಮ್ಯಾನಿಂಗ್ ಕಥೆಯೂ ಹೀಗೇ. 2013ರಲ್ಲಿ ಡೆನ್ವರ್‌ಗೆ ಆಡಿ 5,477 ಯಾರ್ಡ್, 55 ಟಚ್‌ಡೌನ್. ಅಂಥ ಸೀಸನ್ ಆಡಿ ಸೂಪರ್ ಬೌಲ್‌ಗೆ ಬಂದ. ಮೊದಲ ಸ್ನ್ಯಾಪ್‌ಗೆ (ಸೆಂಟರ್ ಅನ್ನುವ ಆಟಗಾರ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರು ಮಾಡುವುದು) ಮುಂಚೆ ಸೂಚನೆ ಬದಲಿಸಲು ಎರಡು ಹೆಜ್ಜೆ ಮುಂದೆ ಬಂದಿದ್ದ, ಅಷ್ಟರಲ್ಲಿ ಸೆಂಟರ್ ಚೆಂಡು ಬಿಟ್ಟುಬಿಟ್ಟ. ಚೆಂಡು ಅವನ ತಲೆ ಪಕ್ಕದಿಂದ ಹಾರಿ ಹಿಂದಿನ ಎಂಡ್ ಝೋನ್‌ಗೆ, ಅಂದರೆ ಮೈದಾನದ ತುದಿಯ ಪಟ್ಟಿಗೆ. ಹನ್ನೆರಡು ಸೆಕೆಂಡಿನಲ್ಲಿ ಎದುರಾಳಿಗೆ 2 ಪಾಯಿಂಟ್. ಸಿಯಾಟಲ್ 43-8 ಗೆದ್ದಿತು. ಎರಡು ವರ್ಷ ಬಿಟ್ಟು, 2015ರಲ್ಲಿ, 9 ಟಚ್‌ಡೌನ್, 17 ಇಂಟರ್‌ಸೆಪ್ಷನ್. ಸೀಸನ್ ಮಧ್ಯೆ ಬೆಂಚಿಗೂ ಹೋದ. ಸೂಪರ್ ಬೌಲ್‌ನಲ್ಲಿ 141 ಯಾರ್ಡ್ ಎಸೆದ, ಡೆನ್ವರ್ 24-10 ಗೆದ್ದಿತು. ಫೈನಲ್‌ನ ಉತ್ತಮ ಆಟಗಾರ ಪ್ರಶಸ್ತಿ ಡಿಫೆನ್ಸ್‌ನ ವಾನ್ ಮಿಲ್ಲರ್‌ಗೆ ಹೋಯಿತು.

ಬೆಳಗಾವಿ_ಬಾಣೇರ್ (ಪುಣೆ)

ಶಾಲಿನಿ ಮೇಡಂ, 47 ಮತ್ತು 48 ಯಾರ್ಡ್ ಜೋಡಿ ನಾಳೆಯೇ ಟೀಮ್ ಲೀಡ್‌ಗೆ ಹೇಳುತ್ತೇನೆ. ಹಾಗಾದರೆ ನೀವು ಅಂಕಿ-ಅಂಶದ ಪಕ್ಷವಾ? ಪಾಸರ್ ರೇಟಿಂಗ್ ನೋಡಿ ಸಾಲಾಗಿ ನಿಲ್ಲಿಸಿದರೆ ಸಾಕಾ?

ಮಾಟುಂಗಾ_ಶಾಲಿನಿ (ಮುಂಬೈ)

ಸಾಕಾಗುವುದಿಲ್ಲ. ಪಾಸರ್ ರೇಟಿಂಗ್ 1973ರಲ್ಲಿ ಲೀಗ್ ತಂದ ಸೂತ್ರ. ಎಸೆದದ್ದರಲ್ಲಿ ಎಷ್ಟು ಪಾಲು ಕೈ ಸೇರಿತು, ಒಂದು ಎಸೆತಕ್ಕೆ ಸರಾಸರಿ ಎಷ್ಟು ಯಾರ್ಡ್, ಟಚ್‌ಡೌನ್ ಎಷ್ಟು ಶೇಕಡಾ, ಇಂಟರ್‌ಸೆಪ್ಷನ್ ಎಷ್ಟು ಶೇಕಡಾ, ಈ ನಾಲ್ಕೇ ಅದರೊಳಗೆ ಇರುವುದು. ಅತಿ ಹೆಚ್ಚು ಅಂದರೆ 158.3. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದುಕೊಂಡು ಸುಮ್ನೆ ನಿಂತು ಸ್ಯಾಕ್ ಆದರೆ (ಎಸೆಯುವ ಮುಂಚೆಯೇ ಎದುರಾಳಿ ಅವನನ್ನು ಕೆಡವಿದರೆ) ಅದು ಲೆಕ್ಕಕ್ಕಿಲ್ಲ. ಅವನೇ ಓಡಿ ಗಳಿಸಿದ್ದೂ ಲೆಕ್ಕಕ್ಕಿಲ್ಲ. ಎರಡು ಯಾರ್ಡ್ ಪಾಸ್ ಕೊಟ್ಟು, ಹಿಡಿದವನು ಅರವತ್ತು ಯಾರ್ಡ್ ಓಡಿದರೆ ಪೂರ್ತಿ ಅರವತ್ತೆರಡೂ ಕ್ವಾರ್ಟರ್‌ಬ್ಯಾಕ್ ಖಾತೆಗೆ. ಸರಿಯಾದ ಪಾಸ್ ನಮ್ಮವನ ಕೈಗೆ ಬಡಿದು ಮೇಲೆ ಚಿಮ್ಮಿ ಎದುರಾಳಿಗೆ ಸಿಕ್ಕಿದರೆ ಇಂಟರ್‌ಸೆಪ್ಷನ್ ಕೂಡ ಅವನ ತಲೆಗೇ.

ಕಾಲದ ಲೆಕ್ಕ ಬೇರೆ. 1978ರಲ್ಲಿ ನಿಯಮ ಬದಲಾಯಿತು. ಪಾಸ್ ಹಿಡಿಯಲು ಓಡುವವನನ್ನು ಡಿಫೆಂಡರ್ ಐದು ಯಾರ್ಡ್ ದಾಟಿದ ಮೇಲೆ ಮುಟ್ಟುವಂತಿಲ್ಲ. ಅದೇ ವರ್ಷ ಸೀಸನ್ 14 ಪಂದ್ಯದಿಂದ 16ಕ್ಕೆ ಏರಿತು, 2021ರಲ್ಲಿ 17 ಆಯಿತು. ಹಾಗಾಗಿ ಇವತ್ತಿನ 5,000 ಯಾರ್ಡ್‌ಗೂ 1984ರ 5,000 ಯಾರ್ಡ್‌ಗೂ ತೂಕ ಒಂದೇ ಅಲ್ಲ. ಮರಿನೊ ನನಗೆ ದೊಡ್ಡವನಾಗಿ ಕಾಣುವುದು ಇದಕ್ಕೇ. ಮಯಾಮಿಯಲ್ಲಿ 17 ಸೀಸನ್ ಆಡಿದ. ಅಷ್ಟೂ ವರ್ಷದಲ್ಲಿ ಒಂದು ಸೀಸನ್ನಿಗೆ ಸಾವಿರ ಯಾರ್ಡ್ ಓಡಿದ ಜೊತೆಗಾರ ಸಿಕ್ಕಿದ್ದು ಒಂದೇ ಸಲ, 1996ರಲ್ಲಿ. ಇವನು ಎಸೆಯಲೇಬೇಕು ಅಂತ ಎದುರಾಳಿಗೆ ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗಲಿಲ್ಲ.

ನಾನು ನೋಡುವುದು ಡ್ರೈವ್, ಅಂದರೆ ಒಂದು ಸಲ ಚೆಂಡು ಸಿಕ್ಕಾಗ ತಂಡ ಮುಂದೆ ಸಾಗುವ ಪೂರ್ತಿ ಓಟ. ಪಂದ್ಯ ತೂಗುಯ್ಯಾಲೆಯಲ್ಲಿದ್ದಾಗ ಚೆಂಡು ಕೈಗೆ ಎಲ್ಲಿ ಬಂತು, ಎಷ್ಟು ಹೊತ್ತು ಉಳಿದಿತ್ತು, ಎಲ್ಲಿಗೆ ತಂದು ನಿಲ್ಲಿಸಿದ, ಬೇರೆಯವರ ಪಾಲಿಗೆ ಎಷ್ಟು ಬಿಟ್ಟ. ಜನವರಿ 1989ರಲ್ಲಿ ಮೊಂಟಾನಾಗೆ ಚೆಂಡು ಸಿಕ್ಕಿದ್ದು ತನ್ನ 8 ಯಾರ್ಡ್ ಗೆರೆಯಲ್ಲಿ. ಸಿನ್ಸಿನಾಟಿ 16-13 ಮುಂದೆ, ಮೂರು ನಿಮಿಷ ಚಿಲ್ಲರೆ ಬಾಕಿ. 92 ಯಾರ್ಡ್ ಪೂರ್ತಿ ನಡೆಸಿಕೊಂಡು ಬಂದು, 34 ಸೆಕೆಂಡ್ ಉಳಿದಾಗ ಜಾನ್ ಟೇಲರ್‌ಗೆ ಟಚ್‌ಡೌನ್ ಎಸೆದ. ಕಿಕ್ಕರ್ ಗೆಲ್ಲಿಸಲಿ ಅಂತ ಕಾಯುವ ಪರಿಸ್ಥಿತಿಯೇ ಬರಲಿಲ್ಲ. ಈ ಡ್ರೈವ್ ರಿಂಗ್ ಇಲ್ಲದಿದ್ದರೂ ದೊಡ್ಡದೇ.

ಠಾಣೆ_ಆರ್‌ಸಿಬಿ (ಠಾಣೆ)

ನನಗೆ ಈ ಆಟ ಅಷ್ಟಾಗಿ ಗೊತ್ತಿಲ್ಲ, ಆದರೆ ವಾದ ಚೆನ್ನಾಗಿ ಗೊತ್ತು. ನಮ್ಮ ಸೊಸೈಟಿಯಲ್ಲಿ ಎಲ್ಲರೂ ಮುಂಬೈ ಇಂಡಿಯನ್ಸ್. ರೋಹಿತ್‌ನ ಐದು ಕಪ್ ತೋರಿಸಿ ವರ್ಷಗಟ್ಟಲೆ ನನ್ನ ಬಾಯಿ ಮುಚ್ಚಿಸಿದ್ದಾರೆ. 2016ರಲ್ಲಿ ಕೊಹ್ಲಿ 973 ರನ್ ಹೊಡೆದ, ಫೈನಲ್ ಎಂಟು ರನ್‌ನಿಂದ ಹೋಯಿತು. 2025ರಲ್ಲಿ 657 ರನ್, ಕಪ್ ಬಂತು. ಕಪ್ ಬಂದ ರಾತ್ರಿ ನಾನು ಕಣ್ಣೀರಿಟ್ಟವನು. ಆದರೂ 2025ರ ಕೊಹ್ಲಿ 2016ರ ಕೊಹ್ಲಿಗಿಂತ ದೊಡ್ಡ ಬ್ಯಾಟ್ಸ್‌ಮನ್ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಮುಲುಂಡ್_ಮಂಜು (ಮುಂಬೈ)

ಒಂದು ಕಿಕ್ ಅದೃಷ್ಟ, ಒಪ್ಪುತ್ತೇನೆ. ಏಳು ಸಲವೂ ಅದೃಷ್ಟವಾ ಶಾಲಿನಿ ಅವರೇ? ಎರಡು ತಂಡ, ಎರಡು ಕೋಚ್, 2001ರಿಂದ 2020ರವರೆಗೆ. ಡಿಫೆನ್ಸ್ ಬದಲಾಯಿತು, ಕಿಕ್ಕರ್ ಬದಲಾದ, ಊರೇ ಬದಲಾಯಿತು. ಬದಲಾಗದೆ ಉಳಿದವನು ಒಬ್ಬನೇ. ಅದನ್ನು ರಿಂಗ್ ಅಲ್ಲದೆ ಬೇರೆ ಏನು ತೋರಿಸುತ್ತದೆ? ಇನ್ನೊಂದು, ಸ್ಟೀಲರ್ಸ್‌ನ ಟೆರ್ರಿ ಬ್ರಾಡ್‌ಶಾನನ್ನು ನಿಮ್ಮ ಲೆಕ್ಕದಲ್ಲಿ ಎಲ್ಲಿ ಇಡುತ್ತೀರಿ? ಅವನಿಗೂ ನಾಲ್ಕು ರಿಂಗ್.

ಮಾಟುಂಗಾ_ಶಾಲಿನಿ (ಮುಂಬೈ)

ನಿಮ್ಮ ಮಾತಿನಲ್ಲಿ ಬಲ ಇದೆ. ಅಷ್ಟು ವರ್ಷ, ಅಷ್ಟು ಬದಲಾವಣೆ ದಾಟಿ ಬಂದದ್ದು ಬರೀ ಅದೃಷ್ಟ ಅಲ್ಲವೇ ಅಲ್ಲ. ಆದರೆ ಅದನ್ನು ತೋರಿಸುವುದು ಏಳು ಅಲ್ಲ, ಹತ್ತು. ಬ್ರೇಡಿ ಹತ್ತು ಸೂಪರ್ ಬೌಲ್ ಆಡಿದ. ಏಳು ಗೆದ್ದ, ಮೂರು ಸೋತ. ಮೊಂಟಾನಾ ಫೈನಲ್‌ನಲ್ಲಿ ಸೋತೇ ಇಲ್ಲ, ಹಾಗಾಗಿ ಅವನೇ ಮೇಲು ಅನ್ನುವವರನ್ನು ನೀವು ನೋಡಿರುತ್ತೀರಿ. ಹಾಗೆ ಹೇಳಿದರೆ ಫೈನಲ್‌ಗೆ ಬಂದು ಸೋಲುವುದಕ್ಕಿಂತ ಅದಕ್ಕೂ ಮುಂಚೆಯೇ ಸೋತು ಮನೆಗೆ ಹೋಗುವುದು ಒಳ್ಳೆಯದು ಅಂತಾಯಿತು. ಅದು ಹೇಗೆ ಸರಿ? 505 ಯಾರ್ಡ್‌ನ ಆ ಸೋಲನ್ನೂ ಬ್ರೇಡಿಯ ಗಳಿಕೆ ಅಂತಲೇ ನಾನು ಬರೆದುಕೊಳ್ಳುತ್ತೇನೆ.

ಬ್ರಾಡ್‌ಶಾ ವಿಷಯ ಕಷ್ಟದ್ದು. 212 ಟಚ್‌ಡೌನ್, 210 ಇಂಟರ್‌ಸೆಪ್ಷನ್. ಇವತ್ತಿನ ಕಣ್ಣಿಗೆ ಆ ನಂಬರ್ ಕೆಟ್ಟದಾಗಿ ಕಾಣುತ್ತದೆ. ಆದರೆ ಅವನ ಅರ್ಧಕ್ಕಿಂತ ಜಾಸ್ತಿ ಸೀಸನ್‌ಗಳು 1978ರ ಮುಂಚಿನವು. ಪಾಸ್ ಹಿಡಿಯುವವರನ್ನು ಮೈದಾನದುದ್ದಕ್ಕೂ ಗುದ್ದಿ ತಳ್ಳಬಹುದಾಗಿದ್ದ ಕಾಲ. ಮೊದಲ ಎರಡು ರಿಂಗ್ ಸ್ಟೀಲರ್ಸ್ ಡಿಫೆನ್ಸ್‌ನದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕೊನೆಯ ಎರಡರಲ್ಲಿ, ನಿಯಮ ಸಡಿಲವಾದ ಮೇಲೆ, ಅವನು 300 ಯಾರ್ಡ್ ದಾಟಿ ಎಸೆದ, ಎರಡಕ್ಕೂ ಫೈನಲ್‌ನ ಉತ್ತಮ ಆಟಗಾರ ಅವನೇ. ಹಾಗಾಗಿ ನನ್ನ ಪಟ್ಟಿಯಲ್ಲಿ ಬ್ರೇಡಿ, ಮೊಂಟಾನಾ, ಮ್ಯಾನಿಂಗ್, ಮರಿನೊ ಇವರ ಕೆಳಗೆ ಬ್ರಾಡ್‌ಶಾ, ಡಿಲ್ಫರ್‌ಗಿಂತ ಬಹಳ ಮೇಲೆ. ಕ್ಯಾನ್ಸಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್‌ಗೆ ಆಗಲೇ ಮೂರು ರಿಂಗ್ ಇದೆ, ಆದರೆ ಇನ್ನೂ ಆಡುತ್ತಿದ್ದಾನೆ, ಅವನನ್ನು ಸದ್ಯಕ್ಕೆ ಹೊರಗಿಟ್ಟಿದ್ದೇನೆ. ಕೆಲ್ಲಿಯನ್ನು ಎಲ್ಲಿ ಇಡಬೇಕು ಅನ್ನುವುದರಲ್ಲಿ ಮಂಜು ಅವರ ಜೊತೆ ಇನ್ನೂ ಜಗಳ ಬಾಕಿ ಇದೆ ಅಂದುಕೊಂಡಿದ್ದೇನೆ. 1990ರಿಂದ ಸತತ ನಾಲ್ಕು ಸೀಸನ್ ಒಂದೇ ತಂಡವನ್ನು ಸೂಪರ್ ಬೌಲ್‌ಗೆ ತಂದ ಕ್ವಾರ್ಟರ್‌ಬ್ಯಾಕ್ ಅವನೊಬ್ಬನೇ.