ಅಪ್‌ಡೇಟ್: ರಿಪೋರ್ಟ್ ವೇಗ ಸರಿಯಾಯಿತು, ತಲೆನೋವು ಬೇರೆ ಕಡೆ ಇತ್ತು

ವಿಶ್ವವಿದ್ಯಾಲಯದ ಸಿಬ್ಬಂದಿಗಾಗಿ ವೆಬ್ ರಿಪೋರ್ಟ್ ಸಿಸ್ಟಮ್ ಕಟ್ಟುತ್ತಿದ್ದೇನೆ, ಒಂದು ಪುಟ ತೆರೆಯಲು ನಿಮಿಷಗಟ್ಟಲೆ ಹಿಡಿಯುತ್ತಿದೆ ಎಂದು ಕೇಳಿದ್ದೆ. ಪ್ರತಿ ಕ್ಲಿಕ್‌ಗೂ ಲೆಕ್ಕ ಹಾಕಬೇಡಿ, ಮೊದಲೇ ಹಾಕಿಡಿ ಎಂದವರಿಗೆ ಥ್ಯಾಂಕ್ಸ್.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೆಟೀರಿಯಲೈಸ್ಡ್ ವ್ಯೂ (ಲೆಕ್ಕದ ಫಲಿತಾಂಶವನ್ನು ಮೊದಲೇ ಉಳಿಸಿಡುವ ಟೇಬಲ್‌ನಂಥದ್ದು) ಬಳಸಿದೆ. ರಾತ್ರಿ ರಿಫ್ರೆಶ್ ಆಗುತ್ತದೆ, ಬೆಳಿಗ್ಗೆ ಪುಟ ತಕ್ಷಣ ತೆರೆಯುತ್ತದೆ. ಒಂದು ಕಡೆ ಎಡವಿದೆ. ಸುಮ್ನೆ ರಿಫ್ರೆಶ್ ಕೊಟ್ಟರೆ ಅದು ಮುಗಿಯುವವರೆಗೆ ಆ ವ್ಯೂ ಓದಲು ಆಗುವುದಿಲ್ಲ. ರಿಫ್ರೆಶ್ ನಡೆಯುವಾಗಲೂ ಓದಲು ಆಗಬೇಕಾದರೆ ಆ ಕಮಾಂಡ್‌ಗೆ ‘ಕನ್‌ಕರೆಂಟ್ಲಿ’ ಸೇರಿಸಬೇಕು, ಅದಕ್ಕೆ ವ್ಯೂ ಮೇಲೆ ಯೂನಿಕ್ ಇಂಡೆಕ್ಸ್ (ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಸೂಚಿ) ಇರಲೇಬೇಕು.

ನಿಜವಾದ ಜಗಳ ಶುರುವಾಗಿದ್ದು ಆಮೇಲೆ. ‘ಒಟ್ಟು ವಿದ್ಯಾರ್ಥಿಗಳು’ ಎಂದರೆ ಯಾರು? ಪ್ರವೇಶ ವಿಭಾಗಕ್ಕೆ ಶುಲ್ಕ ಕಟ್ಟಿದವರು. ಪರೀಕ್ಷಾ ವಿಭಾಗಕ್ಕೆ ಪರೀಕ್ಷೆಗೆ ಹೆಸರು ಕೊಟ್ಟವರು. ನಡುವೆ ಕೋರ್ಸ್ ಬಿಟ್ಟವರನ್ನು ಎಲ್ಲಿಗೆ ಸೇರಿಸೋದು? ಎರಡೂ ಸಂಖ್ಯೆ ಸರಿಯೇ, ಆದರೆ ನೋಡುವವರಿಗೆ ನನ್ನ ಸಿಸ್ಟಮ್ಮೇ ತಪ್ಪು! ಕೋಡ್ ಬರೆದದ್ದಕ್ಕಿಂತ ಈ ಮೀಟಿಂಗ್‌ಗಳಿಗೇ ಜಾಸ್ತಿ ಸಮಯ ಹೋಯಿತು. ಕೊನೆಗೆ ಎರಡನ್ನೂ ಬೇರೆ ಹೆಸರಲ್ಲಿ ಇಟ್ಟೆ. ಪ್ರತಿ ಸಂಖ್ಯೆಯ ಕೆಳಗೆ ಒಂದು ಸಾಲಿನ ವಿವರಣೆ, ಯಾವ ದಿನದ ಲೆಕ್ಕ ಎಂಬ ತಾರೀಖು. ಫೋನ್ ಬರುವುದು ಕಡಿಮೆಯಾಗಿದೆ.

ಗ್ರಾಫ್‌ಗಳನ್ನು ಯಾರೂ ಅಷ್ಟಾಗಿ ನೋಡುತ್ತಿಲ್ಲ, ಎಲ್ಲರಿಗೂ ಬೇಕಿರುವುದು ಎಕ್ಸೆಲ್ ಡೌನ್‌ಲೋಡ್ ಬಟನ್. ಇನ್ನು ಉಳಿದಿರುವುದು ಯಾವ ವಿಭಾಗದವರು ಏನು ನೋಡಬಹುದು ಎಂಬ ಪರ್ಮಿಷನ್ ಕೆಲಸ.