ವೈಟ್ ಬೋರ್ಡ್ ಎರ್ಟಿಗಾ ಬಾಡಿಗೆಗೆ ಓಡಿಸ್ಲಿಕ್ಕೆ ಪರವಾನಗಿ ಕೊಡುವುದು ಯಾರು? ನಗರಸಭೆಯಾ, ಆರ್‌ಟಿಒನಾ?

ಇಂದ್ರಾಳಿ ಸೇತುವೆ:
ಗಾಡಿ 2021ರ ಎರ್ಟಿಗಾ, ಕಂಪನಿ ಸಿಎನ್‌ಜಿ, ಕೆಎ-20, ವೈಟ್ ಬೋರ್ಡ್. ಲೋನ್ ಇನ್ನೂ ಮುಗಿದಿಲ್ಲ. ಉಡುಪಿ ರೈಲ್ವೆ ಸ್ಟೇಷನ್ನಿಂದ ಮಠ, ಕೊಲ್ಲೂರು, ಧರ್ಮಸ್ಥಳ ಬಾಡಿಗೆ ಮಾಡುವ ಅಂತ ಉಂಟು, ಕೆಲವೊಮ್ಮೆ ಕಾಸರಗೋಡಿಗೂ. ನಗರಸಭೆಯಿಂದ ಲೈಸೆನ್ಸ್ ತಗೊಳ್ಬೇಕು ಅಂತ ಒಬ್ಬರು, ಆರ್‌ಟಿಒ ಸಾಕು ಅಂತ ಇನ್ನೊಬ್ಬರು. ಎಲ್ಲಿಂದ ಶುರು ಮಾಡುವುದು? ಬಾಡಿಗೆ ಗಾಡಿ ಡ್ರೈವರ್‌ನ ಬ್ಯಾಡ್ಜ್ ಕಡ್ಡಾಯವಾ?

ಹಳದಿ ಪ್ಲೇಟು:
ನಗರಸಭೆಗೂ ಟ್ಯಾಕ್ಸಿ ಪರ್ಮಿಟ್‌ಗೂ ಸಂಬಂಧ ಇಲ್ಲ. ಮಂಗಳೂರಿನಲ್ಲಿ ಪಾಲಿಕೆಯದ್ದೂ ಅದೇ ಕತೆ. ಕಾರು, ಆಟೋ, ಬಸ್ಸು ಯಾವುದಕ್ಕಾದರೂ ಪರ್ಮಿಟ್ ಕೊಡುವ ಅಧಿಕಾರ ಇರುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ. ಜಿಲ್ಲಾಧಿಕಾರಿ ಅದರ ಅಧ್ಯಕ್ಷರು, ಆರ್‌ಟಿಒ ಕಾರ್ಯದರ್ಶಿ. ನಗರಸಭೆ ಬರುವುದು ಎರಡೇ ಕಡೆ. ಸ್ಟ್ಯಾಂಡಿನ ಜಾಗ ಗುರುತು ಮಾಡುವಾಗ ಅವರ ಅಭಿಪ್ರಾಯ ಕೇಳ್ತಾರೆ. ಮತ್ತೆ ನೀವು ಟ್ರಾವೆಲ್ಸ್ ಅಂತ ಬೋರ್ಡ್ ಹಾಕಿ ಆಫೀಸ್ ತೆರೆದ್ರೆ ಆ ಅಂಗಡಿಗೆ ಉದ್ದಿಮೆ ಪರವಾನಗಿ ಬೇಕು. ಗಾಡಿಗಲ್ಲ, ಅಂಗಡಿಗೆ.

ಸ್ಟೇಷನ್ ಆವರಣ ರೈಲ್ವೆಯ ಜಾಗ. ಪರ್ಮಿಟ್ ಕೈಯಲ್ಲಿದೆ ಅಂತ ಅಲ್ಲಿ ನಿಲ್ಲಿಸುವ ಹಕ್ಕು ಬರುವುದಿಲ್ಲ. ಬಜಪೆ ವಿಮಾನ ನಿಲ್ದಾಣದಲ್ಲೂ ಹಾಗೆಯೇ. ಸ್ಟ್ಯಾಂಡಿನ ಪಾಳಿ ಕಾನೂನಿನಲ್ಲಿ ಬರೆದದ್ದಲ್ಲ, ಅಲ್ಲಿನವರು ಮಾಡಿಕೊಂಡ ಶಿಸ್ತು. ಹೋಗಿ ಮಾತಾಡಿ, ಜಗಳ ಬೇಡ.

ಬ್ಯಾಡ್ಜ್ ವಿಷಯ: ಲೈಟ್ ಮೋಟಾರ್ ಡಿಎಲ್ ಇದ್ದವರಿಗೆ 7,500 ಕೆಜಿ ಒಳಗಿನ ಬಾಡಿಗೆ ಗಾಡಿ ಓಡಿಸ್ಲಿಕ್ಕೆ ಪ್ರತ್ಯೇಕ ಟ್ರಾನ್ಸ್‌ಪೋರ್ಟ್ ಎಂಡಾರ್ಸ್‌ಮೆಂಟ್ (ಬಾಡಿಗೆ ಗಾಡಿ ಓಡಿಸ್ಬಹುದು ಅಂತ ಡಿಎಲ್‌ನಲ್ಲಿ ಮಾಡುವ ನಮೂದು) ಬೇಡ. ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದನ್ನೇ 2024ರ ನವೆಂಬರ್ 6ರಂದು ಸಂವಿಧಾನ ಪೀಠವೂ ಎತ್ತಿ ಹಿಡಿಯಿತು. ಹಳೇ ಬ್ಯಾಡ್ಜ್ ಇದ್ರೆ ಬಿಸಾಡ್ಬೇಡಿ ಅಷ್ಟೆ.

ಮಲ್ಪೆ ಗಾಳಿ:
ಮೇಲಿನವರು ಹೇಳಿದ್ದು ಸರಿ. ಕೆಲಸದ ಕ್ರಮ ನಾನು ಬರೀತೇನೆ, ಯಾಕಂದ್ರೆ ಕ್ರಮ ತಪ್ಪಿದ್ರೆ ಎರಡೆರಡು ಸಲ ಓಡಾಟ.

ಮೊದಲು ಫೈನಾನ್ಸ್‌ನವರಿಂದ ಎನ್‌ಒಸಿ, ಅಂದ್ರೆ ಆಕ್ಷೇಪಣೆ ಇಲ್ಲ ಅಂತ ಪತ್ರ. ಖಾಸಗಿ ಕಾರಿನ ಸಾಲದಲ್ಲಿ ತೆಗೆದ ಗಾಡಿಯನ್ನು ಬಾಡಿಗೆಗೆ ಹಾಕ್ತೇವೆ ಅಂದ್ರೆ ಕೆಲವರು ಬಡ್ಡಿ ಏರಿಸ್ತಾರೆ, ಕೆಲವರು ಆಗುವುದಿಲ್ಲ ಅಂತಲೇ ಹೇಳ್ತಾರೆ. ಇಲ್ಲಿ ಸಿಕ್ಕಿಬಿದ್ದರೆ ಮುಂದಿನದು ಯಾವುದೂ ಇಲ್ಲ. ಅದು ಸಿಕ್ಕಿದ ಮೇಲೆ ಪರಿವಾಹನ್ ಪೋರ್ಟಲ್‌ನಲ್ಲಿ ಖಾಸಗಿಯಿಂದ ಟ್ರಾನ್ಸ್‌ಪೋರ್ಟ್‌ಗೆ ಕನ್ವರ್ಷನ್ ಅರ್ಜಿ, ತೆರಿಗೆ ವ್ಯತ್ಯಾಸ ಇದ್ದರೆ ಅದು, ಆಮೇಲೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ಕೊನೆಗೆ ಪರ್ಮಿಟ್. ಇನ್ಶೂರೆನ್ಸ್ ಕೂಡ ಪ್ರಯಾಣಿಕರನ್ನು ಒಯ್ಯುವ ಕಮರ್ಷಿಯಲ್ ಪಾಲಿಸಿಗೆ ಬದಲಾಗ್ಬೇಕು. ಆರ್‌ಸಿ ಹಳದಿ, ಪಾಲಿಸಿ ಬಿಳಿ ಅಂತ ಒಂದು ದಿನವೂ ಓಡಿಸ್ಬೇಡಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹೊಸದಾಗಿ ಹಳದಿ ಹಿನ್ನೆಲೆಯದ್ದೇ ಹಾಕಿಸ್ಬೇಕು, ಹಳದಿ ಸ್ಟಿಕರ್ ಅಂಟಿಸಿದ್ರೆ ನಡೆಯುವುದಿಲ್ಲ.

ಎಫ್‌ಸಿಯಲ್ಲಿ ಗಾಡಿ ವಾಪಸ್ ಬರುವುದು ಎಂಜಿನ್ ದೋಷಕ್ಕಲ್ಲ, ಸಣ್ಣ ಸಣ್ಣ ವಿಷಯಕ್ಕೆ. ವೇಗ ಮಿತಿಯಲ್ಲಿಡುವ ಸ್ಪೀಡ್ ಗವರ್ನರ್ ಗಂಟೆಗೆ 80 ಕಿಮೀಗೆ ಸೆಟ್ ಆಗಿ ಸೀಲ್ ಇರ್ಬೇಕು. ಜಿಪಿಎಸ್ ಟ್ರ್ಯಾಕರ್ ಮತ್ತು ಪ್ಯಾನಿಕ್ ಬಟನ್ ಹಾಕಿಸಿ ಅದರ ಮಾಹಿತಿ ಸಾರಿಗೆ ಇಲಾಖೆಯ ವಾಹನ್ ಸಿಸ್ಟಮ್ಮಿಗೆ ಏರಿರ್ಬೇಕು. ಡೀಲರ್ ಟೈಪ್ ಮಾಡುವಾಗ ಐಎಂಇಐಯಲ್ಲಿ (ಡಿವೈಸ್‌ನ ಗುರುತಿನ ನಂಬರಿನಲ್ಲಿ) ಒಂದು ಅಂಕಿ ತಪ್ಪಿದ್ರೂ ಡಿವೈಸ್ ಗಾಡಿಯಲ್ಲಿ ಮಿನುಗ್ತಾ ಇರ್ತದೆ, ಸಿಸ್ಟಮ್ಮಿನಲ್ಲಿ ಇರುವುದಿಲ್ಲ. ಫಿಟ್ ಮಾಡಿಸಿದ ದಿನವೇ ಡಿವೈಸ್ ಮೇಲಿನ ನಂಬರನ್ನೂ ಸರ್ಟಿಫಿಕೇಟನ್ನೂ ಪಕ್ಕಪಕ್ಕ ಇಟ್ಟು ಓದಿ. ಒಳಗಿನ ಸಿಮ್‌ಗೆ ಅವಧಿ ಉಂಟು, ಅದು ಮುಗಿದ್ರೆ ಮುಂದಿನ ಎಫ್‌ಸಿಗೆ ತಕರಾರು.

ನಿಮ್ಮದು ಸಿಎನ್‌ಜಿ. ಸಿಲಿಂಡರ್‌ಗೆ 3 ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ (ನೀರಿನ ಒತ್ತಡದ ಪರೀಕ್ಷೆ) ಕಡ್ಡಾಯ. ಗ್ಯಾಸ್ ತುಂಬಿಸುವ ಜಾಗದ ಹತ್ತಿರ ಸಣ್ಣದೊಂದು ಲೋಹದ ಪ್ಲೇಟಿನಲ್ಲಿ ದಿನಾಂಕ ಇರ್ತದೆ. ನಮ್ಮ ಕಡಲತಡಿಯ ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಅಕ್ಷರವೇ ಕಾಣುವುದಿಲ್ಲ, ಆಗ ಟೆಸ್ಟ್ ಮಾಡಿಸಿದ್ದರೂ ಮಾಡಿಸದ ಹಾಗೆ.

ಎಫ್‌ಸಿ ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷ. ಪರ್ಮಿಟ್ 5 ವರ್ಷಕ್ಕೆ, ನವೀಕರಣದ ಅರ್ಜಿ ಮುಗಿಯುವ 15 ದಿನ ಮೊದಲೇ ಹೋಗಿರ್ಬೇಕು.

ಇಂದ್ರಾಳಿ ಸೇತುವೆ:
ತುಂಬಾ ಉಪಕಾರ. ಇಷ್ಟೆಲ್ಲ ಆಗುವವರೆಗೆ ವೈಟ್ ಬೋರ್ಡಿನಲ್ಲೇ ಪರಿಚಯದವರ ಬಾಡಿಗೆ ನಾಲ್ಕು ಮಾಡಿದ್ರೆ?

ತಲಪಾಡಿ ಗೇಟು:
ಬೇಡ ಮಾರಾಯ್ರೆ. ಪರ್ಮಿಟ್ ಇಲ್ಲದೆ ಬಾಡಿಗೆ ಮಾಡಿದ್ರೆ ಮೋಟಾರು ವಾಹನ ಕಾಯ್ದೆಯ 192ಎ ಕಲಂ. ಮೊದಲ ಸಲಕ್ಕೇ 6 ತಿಂಗಳವರೆಗೆ ಜೈಲು ಮತ್ತು ₹10,000 ದಂಡ ಅಂತ ಉಂಟು. ಅದೇ ಕಾಯ್ದೆಯ 207ನೇ ಕಲಮಿನಡಿ ಗಾಡಿಯನ್ನೇ ತಡೆದು ಇಟ್ಟುಕೊಳ್ಬಹುದು. "ಸಂಬಂಧಿಕರು ಸರ್" ಅಂದ್ರೆ ಬ್ರೇಕ್ ಇನ್‌ಸ್ಪೆಕ್ಟರ್ ನಿಮ್ಮನ್ನು ಕೇಳ್ತಾ ಕೂರುವುದಿಲ್ಲ. ಹಿಂದಿನ ಸೀಟಿನವರನ್ನು ಕೆಳಗಿಳಿಸಿ "ಡ್ರೈವರ್ ಹೆಸರೆಂತ, ಎಷ್ಟಕ್ಕೆ ಮಾತಾಡಿದ್ದೀರಿ" ಅಂತ ಕೇಳ್ತಾರೆ. ಅಲ್ಲಿಗೆ ಮುಗೀತು. ಅದಕ್ಕಿಂತ ದೊಡ್ಡ ಪೆಟ್ಟು ಅಪಘಾತ ಆದ್ರೆ. ಪರ್ಮಿಟ್ ಇಲ್ಲದ ಗಾಡಿಯಲ್ಲಿ ಇನ್ಶೂರೆನ್ಸ್ ಕಂಪನಿ ಗಾಯಾಳುವಿಗೆ ಪರಿಹಾರ ಕೊಟ್ಟು ಅದೇ ಮೊತ್ತವನ್ನು ಮಾಲೀಕನಿಂದ ವಸೂಲಿ ಮಾಡ್ಬಹುದು ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ.

ಕಾಸರಗೋಡಿನ ಪ್ರಶ್ನೆ: ಕರ್ನಾಟಕದ ಪರ್ಮಿಟ್ ಮಾತ್ರ ಇಟ್ಟುಕೊಂಡು ಕೇರಳ ಗಡಿಯ ತಲಪಾಡಿ ದಾಟುವ ಹಾಗಿಲ್ಲ. ಪ್ರತಿ ಟ್ರಿಪ್ಪಿಗೆ ಸ್ಪೆಷಲ್ ಪರ್ಮಿಟ್ ಮಾಡಿಸಿ ಕೇರಳದ ತೆರಿಗೆ ಕಟ್ಬೇಕು, ಇಲ್ಲವೇ ಅಖಿಲ ಭಾರತ ಪ್ರವಾಸಿ ಪರ್ಮಿಟ್ ತಗೊಳ್ಬೇಕು. ತಿಂಗಳಿಗೆ ಒಂದೆರಡು ಸಲ ಹೋಗುವುದಾದ್ರೆ ಮೊದಲನೆಯದೇ ಸಾಕು. ಪ್ರವಾಸಿ ಪರ್ಮಿಟ್ ಇದ್ರೆ ಪ್ರಯಾಣಿಕರ ಪಟ್ಟಿ ಜೊತೆಗಿರ್ಬೇಕು, ಮೊಬೈಲಿನಲ್ಲಿದ್ರೂ ಆಗ್ತದೆ. ಎರಡರಲ್ಲೂ ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿ ತಲೆಗೆ ಇಷ್ಟು ಅಂತ ತಗೊಂಡ್ರೆ ಅದು ಬಸ್ಸಿನ ಕೆಲಸ, ಪರ್ಮಿಟ್ ಉಲ್ಲಂಘನೆ. ಉಡುಪಿ–ಮಂಗಳೂರು ಹೆದ್ದಾರಿಯಲ್ಲಿ ಖಾಲಿ ವಾಪಸ್ ಬರುವಾಗ ಈ ಆಸೆ ಎಲ್ಲರಿಗೂ ಬರ್ತದೆ!

ಕೇಸ್ ಬಿದ್ದರೆ ಚೆಕ್ ರಿಪೋರ್ಟಿನ (ತಪಾಸಣೆ ಮಾಡಿದವರು ಬರೆದ ವರದಿಯ) ಪ್ರತಿ ಕೇಳಿ ತಗೊಳ್ಳಿ. ಪರ್ಮಿಟ್ ಅಮಾನತು ಮಾಡುವ ಮೊದಲು ನಿಮ್ಮ ಉತ್ತರ ಕೇಳಲೇಬೇಕು. ಆದೇಶ ಬಂದ 30 ದಿನದೊಳಗೆ ಮೇಲ್ಮನವಿ ಹಾಕ್ಬಹುದು.

ಹಳದಿ ಪ್ಲೇಟು:
ಒಂದು ಬಿಟ್ಟುಹೋಗಿತ್ತು. ಎರ್ಟಿಗಾ 6+1 (ಪ್ರಯಾಣಿಕರು ಆರು, ಡ್ರೈವರ್ ಒಬ್ಬ), ಹಾಗಾಗಿ ಮೋಟಾರ್ ಕ್ಯಾಬ್. ಮುಂದೆ 7+1 ಇನ್ನೋವಾ ತಗೊಂಡ್ರೆ ಅದು ಮ್ಯಾಕ್ಸಿಕ್ಯಾಬ್ ಆಗ್ತದೆ, ಒಂದೇ ಸೀಟಿನ ವ್ಯತ್ಯಾಸಕ್ಕೆ ವರ್ಗವೇ ಬೇರೆ. ದರಕ್ಕೂ ಆದೇಶ ಉಂಟು: 2024ರ ಫೆಬ್ರವರಿಯ ಪ್ರಕಾರ 10ರಿಂದ 15 ಲಕ್ಷ ಬೆಲೆಯ ಸಿಟಿ ಟ್ಯಾಕ್ಸಿಗೆ ಮೊದಲ 4 ಕಿಮೀಗೆ ₹115, ಆಮೇಲೆ ಕಿಮೀಗೆ ₹28. 10 ಲಕ್ಷದ ಒಳಗಿನದಕ್ಕೆ ₹100 ಮತ್ತು ₹24. ಮೊಬೈಲ್ ಆಪ್‌ನಲ್ಲಿ ಟ್ಯಾಕ್ಸಿ ಬುಕ್ ಮಾಡಿಸುವವರಿಗೂ ಇದೇ.

ಇಂದ್ರಾಳಿ ಸೇತುವೆ:
ಈಗ ಸಿಲಿಂಡರ್ ಪ್ಲೇಟ್ ನೋಡಿ ಬಂದೆ. 2021 ಅಂತ ಮಾತ್ರ ಕಾಣ್ತದೆ, ಆಮೇಲಿನದ್ದು ಖಾಲಿ.

ಮಲ್ಪೆ ಗಾಳಿ:
ಹಾಗಾದ್ರೆ ಬ್ಯಾಂಕಿಗೆ ಎನ್‌ಒಸಿ ಅರ್ಜಿ ಕೊಟ್ಟು, ಅದು ಬರುವಷ್ಟರಲ್ಲಿ ಸಿಲಿಂಡರ್ ಟೆಸ್ಟ್ ಮುಗಿಸಿ. ಸಿಲಿಂಡರ್ ಬಿಚ್ಚಿ ಕಳಿಸ್ಬೇಕು, ವಾಪಸ್ ಬರುವವರೆಗೆ ಪೆಟ್ರೋಲಿನಲ್ಲಿ ಓಡಿಸಿ. ಹೊಸ ಪ್ಲೇಟ್ ಹಾಕಿದ ಕೂಡ್ಲೇ ಒಂದು ಫೋಟೋ ತೆಗೆದಿಡಿ, ಅಕ್ಷರ ಕಾಣುವಾಗಲೇ.